ಕೊಡಗಿನ ಹೆರಿಗೆಗಳ ಲೆಕ್ಕ ಎಲ್ಲಿ ಸಿಗುತ್ತದೆ? ದತ್ತಾಂಶ ಮೂಲಗಳ ವಿಮರ್ಶೆ, ರಿಜಿಸ್ಟರ್ ಬರೆದವಳಿಂದ

ಕೊಡಗಿನ ಗರ್ಭಿಣಿಯರ ಬಗ್ಗೆ ಪ್ರಬಂಧ ಬರೆಯಲು ಹೊರಟ ವಿದ್ಯಾರ್ಥಿಗಳು ಈಗ ವರ್ಷಕ್ಕೆ ಇಬ್ಬರು ಮೂವರಾದರೂ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಬಂದವರ ಕೈಯಲ್ಲಿ ಸಾಮಾನ್ಯವಾಗಿ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (ಎನ್‌ಎಫ್‌ಎಚ್‌ಎಸ್) ಜಿಲ್ಲಾ ಫ್ಯಾಕ್ಟ್‌ಶೀಟ್ ಇರುತ್ತದೆ, ತಲೆಯಲ್ಲಿ ಪ್ರಬಂಧದ ತೀರ್ಮಾನವೂ ಆಗಲೇ ಸಿದ್ಧವಾಗಿರುತ್ತದೆ. ನಾನು ಆರೋಗ್ಯ ಇಲಾಖೆಯಲ್ಲಿ ಮಹಿಳಾ ಆರೋಗ್ಯ ಸಹಾಯಕಿಯಾಗಿ ಸೇರಿ, ಸಿದ್ದಾಪುರ ಕಡೆಯ ಕಾಫಿ ತೋಟಗಳ ಕೂಲಿಯವರ ಲೈನ್ ಮನೆಗಳನ್ನು ಸುತ್ತಿ, ನಿವೃತ್ತಳಾದವಳು. ಈ ಅಂಕಿ ಅಂಶಗಳ ಒಂದು ತುದಿಯಲ್ಲಿ ಪೆನ್ನು ಹಿಡಿದು ಕೂತಿದ್ದವಳು. ಈಗ ಮಗಳ ಹಳೆಯ ಲ್ಯಾಪ್‌ಟಾಪಿನಲ್ಲಿ ಇನ್ನೊಂದು ತುದಿಯಿಂದ ನೋಡುತ್ತಿದ್ದೇನೆ. ಹೋಟೆಲು, ಹೋಂಸ್ಟೇಗಳಿಗೆ ವಿಮರ್ಶೆ ಬರೆಯುವವರು ಈ ಜಿಲ್ಲೆಯಲ್ಲಿ ಬೇಕಾದಷ್ಟಿದ್ದಾರೆ. ಸರ್ಕಾರದ ಕೋಷ್ಟಕಗಳಿಗೂ ಒಬ್ಬರು ಬರೆಯಲಿ.

ಯಾವ ಮೂಲವನ್ನು ತೆರೆದರೂ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ಈ ಹೆರಿಗೆಯನ್ನು ಯಾವ ಊರಿನ ಲೆಕ್ಕಕ್ಕೆ ಹಾಕಿದ್ದಾರೆ? ತಾಯಿ ವಾಸವಿರುವ ಊರಿಗೋ, ಮಗು ಹುಟ್ಟಿದ ಊರಿಗೋ, ಗಣತಿಯವರು ಬಂದಾಗ ಅವಳು ಸಿಕ್ಕಿದ ಊರಿಗೋ? ಬೇರೆ ಜಿಲ್ಲೆಗಳಲ್ಲಿ ಇದನ್ನು ಕೇಳದೆ ತಪ್ಪಿಸಿಕೊಳ್ಳಬಹುದೇನೋ. ಕೊಡಗಿನಲ್ಲಿ ಆಗುವುದಿಲ್ಲ. ಕುಶಾಲನಗರದವರು ಸ್ವಲ್ಪ ತೊಡಕು ಎಂದರೆ ಮೈಸೂರಿನ ಬಸ್ ಹತ್ತುತ್ತಾರೆ. ಸಂಪಾಜೆಯವರಿಗೆ ಮಡಿಕೇರಿಯ ಘಾಟಿ ಹತ್ತುವುದಕ್ಕಿಂತ ಸುಳ್ಯಕ್ಕೆ ಇಳಿಯುವುದು ಸುಲಭ. ಕುಟ್ಟದವರಿಗೆ ವಯನಾಡಿನ ಮಾನಂದವಾಡಿ ಹತ್ತಿರ. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವವರು ಇದ್ದೇ ಇದ್ದಾರೆ, ತವರು ಹಾಸನವಾಗಬಹುದು, ಕಣ್ಣೂರಾಗಬಹುದು. ಹುಣಸೂರು, ಪಿರಿಯಾಪಟ್ಟಣದ ಕಡೆಯಿಂದ ನಮ್ಮ ಗಡಿಯೊಳಗೆ ಹೆರಿಗೆಗೆ ಬರುವವರೂ ಉಂಟು. 2011ರ ಜನಗಣತಿಯಲ್ಲಿ 5,54,519 ಜನರಿದ್ದ, ಜನಸಂಖ್ಯೆಯಲ್ಲಿ ರಾಜ್ಯಕ್ಕೇ ಚಿಕ್ಕ ಜಿಲ್ಲೆ ಇದು. ಇಷ್ಟು ಚಿಕ್ಕ ಜಿಲ್ಲೆಯ ಗಡಿಯನ್ನು ಇಷ್ಟು ಜನ ದಾಟಿದರೆ ಶೇಕಡಾವಾರು ಲೆಕ್ಕಗಳೆಲ್ಲ ಅಲುಗಾಡುತ್ತವೆ.

ಎಲ್ಲರೂ ಹಿಡಿದುಕೊಂಡು ಬರುವ ಸಮೀಕ್ಷೆಯಿಂದಲೇ ಶುರು ಮಾಡುತ್ತೇನೆ. ಎನ್‌ಎಫ್‌ಎಚ್‌ಎಸ್ ನಡೆಸುವುದು ಮುಂಬೈಯ ದೇವನಾರ್‌ನಲ್ಲಿರುವ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ. ಮೊದಲ ಸುತ್ತು 1992-93ರಲ್ಲಿ ನಡೆಯಿತು. ಜಿಲ್ಲಾ ಮಟ್ಟದ ಅಂಕಿಗಳು ಬಂದದ್ದು 2015-16ರ ನಾಲ್ಕನೆಯ ಸುತ್ತಿನಿಂದ. ಅದಕ್ಕೂ ಹಿಂದಿನ ಕೊಡಗು ಬೇಕಾದರೆ ಡಿಎಲ್‌ಎಚ್‌ಎಸ್ ಎಂಬ ಜಿಲ್ಲಾ ಸಮೀಕ್ಷೆಯ ಸುತ್ತುಗಳನ್ನು ನೋಡಬೇಕು. 2019-21ರ ಐದನೆಯ ಸುತ್ತಿನ ಜಿಲ್ಲಾ ಫ್ಯಾಕ್ಟ್‌ಶೀಟಿನಲ್ಲಿ 104 ಸೂಚಕಗಳಿವೆ. ಉಚಿತ, ಓದಲು ಸುಲಭ. ಹೆರಿಗೆಯನ್ನು ತಾಯಿ ಸಿಕ್ಕಿದ ಮನೆಯ ಲೆಕ್ಕಕ್ಕೆ ಹಾಕುವುದರಿಂದ ಮೈಸೂರಿನಲ್ಲಿ ಹೆತ್ತವಳೂ ಕೊಡಗಿನವಳಾಗಿಯೇ ಉಳಿಯುತ್ತಾಳೆ. ನನ್ನ ಪ್ರಶ್ನೆಗೆ ಇದು ಒಳ್ಳೆಯ ಉತ್ತರ. ಆದರೆ ಸಮೀಕ್ಷೆಯವರು ಆ ಮನೆಯ ಕಾಯಂ ನಿವಾಸಿಗಳ ಜೊತೆಗೆ ಹಿಂದಿನ ರಾತ್ರಿ ಅಲ್ಲಿ ತಂಗಿದ್ದ ನೆಂಟರನ್ನೂ ಸೇರಿಸಿಕೊಳ್ಳುತ್ತಾರೆ ಎಂಬುದು ನೆನಪಿರಲಿ. ಬಾಣಂತನಕ್ಕೆ ತವರಿಗೆ ಬಂದವಳು ತವರಿನ ಜಿಲ್ಲೆಯ ಪಟ್ಟಿಗೆ ಸೇರಿಬಿಡಬಹುದು.

ದೊಡ್ಡ ತೊಂದರೆ ಇರುವುದು ಗಾತ್ರದಲ್ಲಿ. ಐದನೆಯ ಸುತ್ತಿನಲ್ಲಿ ಕರ್ನಾಟಕದ 30 ಜಿಲ್ಲೆಗಳಿಂದ ಒಟ್ಟು 26 ಸಾವಿರ ಚಿಲ್ಲರೆ ಮನೆಗಳನ್ನು ಸಂದರ್ಶಿಸಿದರು. ಜಿಲ್ಲೆಗೆ ಸರಾಸರಿ ಒಂಬೈನೂರಕ್ಕೂ ಕಡಿಮೆ. ಆ ಮನೆಗಳಲ್ಲಿ ಕಳೆದ ಐದು ವರ್ಷಗಳಲ್ಲಿ ಹೆತ್ತವರು ಎಷ್ಟು ಜನ ಸಿಕ್ಕಾರು? ರಾಜ್ಯದ ಒಟ್ಟು ಫಲವಂತಿಕೆ ದರವೇ, ಅಂದರೆ ಒಬ್ಬ ಹೆಂಗಸಿಗೆ ಸರಾಸರಿ ಮಕ್ಕಳು, ಆ ಸುತ್ತಿನಲ್ಲಿ 1.7ಕ್ಕೆ ಇಳಿದಿತ್ತು. ಇನ್ನೂರು ಹೆರಿಗೆ ಸಿಕ್ಕಿತು ಎಂದುಕೊಳ್ಳಿ. ಅದರಲ್ಲಿ ಶೇಕಡಾ 30 ಸಿಸೇರಿಯನ್ ಎಂದು ಬಂದರೆ ನಿಜವಾದ ಅಂಕಿ ಆರು ಅಂಶ ಮೇಲೋ ಕೆಳಗೋ ಇರಬಹುದು. ಮನೆಗಳನ್ನು ಗುಂಪುಗುಂಪಾಗಿ ಆರಿಸಿಕೊಂಡದ್ದರಿಂದ ಈ ಅಂತರ ಇನ್ನಷ್ಟು ಹಿಗ್ಗುತ್ತದೆ. ಹಾಗಿರುವಾಗ ಎರಡು ಸುತ್ತುಗಳ ನಡುವೆ ನಾಲ್ಕು ಅಂಶ ಏರಿದ್ದನ್ನು ಹಿಡಿದು ‘ಕೊಡಗಿನಲ್ಲಿ ಸಿಸೇರಿಯನ್ ಹಾವಳಿ’ ಎಂದು ಶೀರ್ಷಿಕೆ ಕೊಡುವವರ ಕಿವಿ ಹಿಂಡಬೇಕು ಅನಿಸುತ್ತದೆ. ರಾಜ್ಯ ಮಟ್ಟದಲ್ಲಿ ಹಾವಳಿ ಇರುವುದು ನಿಜ. ನಾಲ್ಕನೆಯ ಸುತ್ತಿನಲ್ಲಿ ಶೇಕಡಾ 23.6 ಇದ್ದದ್ದು ಐದನೆಯದರಲ್ಲಿ 31.5 ಆಯಿತು. ಸರ್ಕಾರಿ ಆಸ್ಪತ್ರೆಗಳಲ್ಲಿ 22.6, ಖಾಸಗಿಯಲ್ಲಿ 52.5. ಅಷ್ಟು ದೊಡ್ಡ ಮಾದರಿಯಿಂದ ಬಂದ ಅಂಕಿಯ ಮೇಲೆ ಭಾರ ಹಾಕಬಹುದು. ಜಿಲ್ಲೆಯ ಅಂಕಿಯ ಮೇಲೆ ಅಷ್ಟು ಭಾರ ಹಾಕಬೇಡಿ. ಫ್ಯಾಕ್ಟ್‌ಶೀಟಿನಲ್ಲಿ ಕಂಸದೊಳಗಿನ ಅಂಕಿ ಕಂಡರೆ ಅದು 25ರಿಂದ 49 ಪ್ರಕರಣಗಳ ಮೇಲೆ ನಿಂತದ್ದು, ನಕ್ಷತ್ರ ಚಿಹ್ನೆ ಕಂಡರೆ 25ಕ್ಕಿಂತ ಕಡಿಮೆ ಎಂದು ಅಂಕಿಯನ್ನೇ ಅಳಿಸಿದ್ದಾರೆ ಎಂದು ತಿಳಿಯಬೇಕು. ಆ ಅಡಿಟಿಪ್ಪಣಿಯನ್ನು ಓದಿದ ವಿದ್ಯಾರ್ಥಿ ನನಗೆ ಇನ್ನೂ ಸಿಕ್ಕಿಲ್ಲ.

ಇನ್ನೊಂದು ಮಾತನ್ನು ತೋಟದ ಬದುಕು ಗೊತ್ತಿರುವವರು ಮಾತ್ರ ಹೇಳಬಲ್ಲರು. ಕರ್ನಾಟಕದಲ್ಲಿ ಐದನೆಯ ಸುತ್ತಿನ ಸಂದರ್ಶನಗಳು ನಡೆದದ್ದು 2019ರ ಜುಲೈಯಿಂದ ಡಿಸೆಂಬರ್ ನಡುವೆ. ಅದೇ ಆಗಸ್ಟಿನಲ್ಲಿ ವಿರಾಜಪೇಟೆ ತಾಲ್ಲೂಕಿನ ತೋರದಲ್ಲಿ ಗುಡ್ಡ ಕುಸಿದದ್ದು. ಅಂಥ ಮಳೆಯಲ್ಲಿ ಸಂದರ್ಶಕಿಯರು ಕಾಡಂಚಿನ ಆದಿವಾಸಿ ಹಾಡಿಗಳಿಗೆ ಹೋಗಿದ್ದರೆ ಅವರಿಗೆ ನನ್ನ ನಮಸ್ಕಾರ. ಆದರೆ ರೊಬಸ್ಟಾ ಕೊಯ್ಲಿಗೆ ಹೊರಗಿನಿಂದ ಜನ ಬಂದು ಲೈನ್ ಮನೆಗಳು ತುಂಬುವುದು ಆ ಮೇಲೆ, ಜನವರಿ ಫೆಬ್ರವರಿಯಲ್ಲಿ. ಅಸ್ಸಾಮಿನಿಂದ ಬಂದು ಐದನೆಯ ತಿಂಗಳ ಬಸುರಿಯಾಗಿ ಕಾಫಿ ಹಣ್ಣು ಕೊಯ್ಯುವವಳು ಈ ಸಮೀಕ್ಷೆಗೆ ಸಿಗಬೇಕಾದರೆ ಅವಳ ಊರಿನಲ್ಲೇ ಸಿಗಬೇಕು. ಸಿಕ್ಕರೂ ಅಲ್ಲಿಯವಳಾಗಿ ಸಿಗುತ್ತಾಳೆ.

ಫ್ಯಾಕ್ಟ್‌ಶೀಟಿಗೆ ಐದಕ್ಕೆ ಮೂರು ಕೊಡುತ್ತೇನೆ. ಅದರ ಹಿಂದಿರುವ ಮೂಲ ಕಡತಕ್ಕೆ ನಾಲ್ಕೂವರೆ. ಅದು ಹಲವು ದೇಶಗಳ ಇಂಥ ಸಮೀಕ್ಷೆಗಳನ್ನು ಒಂದೆಡೆ ಇಡುವ ಡಿಎಚ್‌ಎಸ್ ಕಾರ್ಯಕ್ರಮದ ಜಾಲತಾಣದಲ್ಲಿದೆ. ಹೆಸರು ನೋಂದಾಯಿಸಿ, ಏನು ಸಂಶೋಧನೆ ಎಂದು ನಾಲ್ಕು ಸಾಲು ಬರೆದು, ಒಪ್ಪಿಗೆ ಬಂದ ಮೇಲೆ ಇಳಿಸಿಕೊಳ್ಳುವುದು ಪದ್ಧತಿ. 2025ರ ಆರಂಭದಲ್ಲಿ ಅಮೆರಿಕ ಸರ್ಕಾರ ಹಣ ನಿಲ್ಲಿಸಿದಾಗ ಆ ಕಾರ್ಯಕ್ರಮವೇ ಸ್ಥಗಿತಗೊಂಡು ಎಲ್ಲೆಡೆಯ ಸಂಶೋಧಕರು ಪರದಾಡಿದರು. ಆದ್ದರಿಂದ ಸಿಕ್ಕಾಗ ಇಳಿಸಿ ಜೋಪಾನ ಮಾಡಿಕೊಳ್ಳಿ. ಜಿಲ್ಲೆಯನ್ನು ಹುಡುಕುವಾಗ ಕೊಡಗಿನ ಜನಗಣತಿ ಸಂಕೇತ 576 ನೆನಪಿರಲಿ. ಮಾದರಿ ತೂಕದ (ಸ್ಯಾಂಪಲ್ ವೆಯ್ಟ್, ಮಗುವಿನ ತೂಕವಲ್ಲ) ಅಂಕಣವನ್ನು ಹತ್ತು ಲಕ್ಷದಿಂದ ಭಾಗಿಸದೆ ಲೆಕ್ಕ ಮಾಡಬೇಡಿ. ಜಿಪಿಎಸ್ ಬಿಂದುಗಳನ್ನು ನಂಬಿ ನಕ್ಷೆ ಬಿಡಿಸುವವರಿಗೆ ಇನ್ನೊಂದು ಎಚ್ಚರಿಕೆ: ಗೌಪ್ಯತೆಗಾಗಿ ಹಳ್ಳಿಯ ಬಿಂದುವನ್ನು ಐದು ಕಿಲೋಮೀಟರ್‌ವರೆಗೆ, ಕೆಲವೊಂದನ್ನು ಹತ್ತರವರೆಗೆ ಬೇಕೆಂದೇ ಸರಿಸಿರುತ್ತಾರೆ. ನಮ್ಮಲ್ಲಿ ಐದು ಕಿಲೋಮೀಟರ್ ಎಂದರೆ ಒಂದು ಬೆಟ್ಟ, ಒಂದು ಹೊಳೆ, ಬೇರೆಯೇ ಒಂದು ಆಸ್ಪತ್ರೆ.

ಈ ಕಡತದಲ್ಲಿ ನನಗೆ ತುಂಬ ಇಷ್ಟವಾದದ್ದು ಹೆರಿಗೆ ಕ್ಯಾಲೆಂಡರ್. ಐದು ವರ್ಷಗಳ ಪ್ರತಿ ತಿಂಗಳಿಗೂ ಒಂದೊಂದು ಅಕ್ಷರ: ಗರ್ಭವಿದ್ದರೆ ಪಿ, ಹೆರಿಗೆಯಾದರೆ ಬಿ, ಗರ್ಭ ನಿಲ್ಲದೆ ಹೋದರೆ ಟಿ. ಆ ‘ಟಿ’ ಇದೆಯಲ್ಲ, ಅದು ನಮ್ಮ ರಿಜಿಸ್ಟರುಗಳಲ್ಲಿ ಸಿಗುತ್ತಿರಲಿಲ್ಲ. ಎರಡನೆಯ ತಿಂಗಳಲ್ಲೇ ಹೋದ ಗರ್ಭವನ್ನು ಯಾರೂ ಬಂದು ಬರೆಸುವುದಿಲ್ಲ. ಮೂರು ತಿಂಗಳು ತುಂಬುವವರೆಗೆ ಅತ್ತೆಗೂ ಹೇಳದವರು ಸಿಸ್ಟರಿಗೆ ಹೇಳುತ್ತಾರೆಯೇ? ಎದುರು ಕೂತು ನಿಧಾನವಾಗಿ ಕೇಳಿದರೆ ಹೇಳಿಯಾರು. ಆದರೂ ಎಲ್ಲರೂ ಹೇಳುವುದಿಲ್ಲ, ಆ ಕೊರತೆ ಎಲ್ಲ ಸಮೀಕ್ಷೆಗಳಿಗೂ ಇದ್ದದ್ದೇ. ಪ್ರಶ್ನಾವಳಿ ಉದ್ದವಾದಷ್ಟೂ ಇನ್ನೊಂದು ಕಾಯಿಲೆ ಬರುತ್ತದೆ. ಐದು ವರ್ಷದೊಳಗಿನ ಮಗುವಿದ್ದರೆ ಹತ್ತಾರು ಪ್ರಶ್ನೆ ಹೆಚ್ಚು ಕೇಳಬೇಕಾಗುವುದರಿಂದ, ಸುಸ್ತಾದ ಸಂದರ್ಶಕಿಯರು ಮಗುವಿನ ಹುಟ್ಟಿದ ದಿನವನ್ನು ಗೆರೆಯ ಆಚೆಗೆ ತಳ್ಳಿಬಿಡುವುದು ಜಗತ್ತಿನ ಅನೇಕ ದೇಶಗಳ ಸಮೀಕ್ಷೆಗಳಲ್ಲಿ ಕಂಡುಬಂದಿದೆ. ಉದ್ದದ ನಮೂನೆಗಳನ್ನು ತುಂಬಿದವಳಾಗಿ ನನಗೆ ಅವರ ಮೇಲೆ ಸಿಟ್ಟು ಬರುವುದಿಲ್ಲ.

ಇನ್ನು ನಮ್ಮದೇ ಕೂಸು, ಎಚ್‌ಎಂಐಎಸ್. 2008ರಲ್ಲಿ ಶುರುವಾದ ಕೇಂದ್ರದ ಆರೋಗ್ಯ ಮಾಹಿತಿ ವ್ಯವಸ್ಥೆ. ಉಪಕೇಂದ್ರದಿಂದ ಹಿಡಿದು ಜಿಲ್ಲಾಸ್ಪತ್ರೆಯವರೆಗೆ ಪ್ರತಿ ತಿಂಗಳೂ ವರದಿ ಹೋಗುತ್ತದೆ: ಹೊಸದಾಗಿ ನೋಂದಾಯಿಸಿದ ಗರ್ಭಿಣಿಯರು, ಮೊದಲ ಮೂರು ತಿಂಗಳೊಳಗೆ ಬಂದವರು, ನಾಲ್ಕು ತಪಾಸಣೆ ಮುಗಿಸಿದವರು, ಮನೆಯಲ್ಲಿ ಹೆತ್ತವರು, ಆಸ್ಪತ್ರೆಯಲ್ಲಿ ಹೆತ್ತವರು, ಸಿಸೇರಿಯನ್, ಜೀವಂತ ಜನನ, ನಿರ್ಜೀವ ಜನನ, ಎರಡೂವರೆ ಕಿಲೋಗಿಂತ ಕಡಿಮೆ ತೂಗಿದ ಮಕ್ಕಳು. ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಲೆಕ್ಕ. ಮಾದರಿ ಆರಿಸುವ ಪ್ರಶ್ನೆಯೇ ಇಲ್ಲ, ನಡೆದದ್ದೆಲ್ಲ ಬರಬೇಕು. ಮಳೆಗಾಲದಲ್ಲಿ ಹೆರಿಗೆಗಳು ಎತ್ತ ಸಾಗುತ್ತವೆ, ಬೇಸಿಗೆಯಲ್ಲಿ ಎತ್ತ ಎಂದು ತಿಂಗಳು ತಿಂಗಳು ನೋಡಲು ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲ.

ಆದರೆ ಇಲ್ಲಿ ಹೆರಿಗೆ ಎಣಿಕೆಯಾಗುವುದು ಆಸ್ಪತ್ರೆಯ ಲೆಕ್ಕದಲ್ಲಿ. ಸಿದ್ದಾಪುರದಲ್ಲಿ ನೋಂದಾಯಿಸಿಕೊಂಡವಳು ಮೈಸೂರಿನಲ್ಲಿ ಹೆತ್ತರೆ ನೋಂದಣಿ ಕೊಡಗಿಗೆ, ಹೆರಿಗೆ ಮೈಸೂರಿಗೆ. ಒಂದರಿಂದ ಇನ್ನೊಂದನ್ನು ಕಳೆದು, ‘ಉಳಿದವರೆಲ್ಲ ಮನೆಯಲ್ಲೇ ಹೆತ್ತರು’ ಎಂದು ಬರೆದ ಪ್ರಬಂಧವೊಂದನ್ನು ನಾನೇ ಓದಿದ್ದೇನೆ. ಪದವಿಯೂ ಸಿಕ್ಕಿತಂತೆ. ಮಡಿಕೇರಿಗೆ 2016ರಲ್ಲಿ ವೈದ್ಯಕೀಯ ಕಾಲೇಜು ಬಂದ ಮೇಲೆ ಹೊರಗೆ ಹೋಗುವುದು ಎಷ್ಟು ಕಡಿಮೆಯಾಯಿತು ಎಂಬುದು ಒಳ್ಳೆಯ ಸಂಶೋಧನಾ ಪ್ರಶ್ನೆ. ಅದಕ್ಕೆ ಕೊಡಗಿನ ಸಾಲು ಒಂದೇ ಸಾಲದು. ಮೈಸೂರು, ದಕ್ಷಿಣ ಕನ್ನಡ, ವಯನಾಡಿನ ಸಾಲುಗಳನ್ನೂ ಇಳಿಸಿಕೊಂಡು ಅಕ್ಕಪಕ್ಕ ಇಡಬೇಕು.

ಖಾಸಗಿ ಆಸ್ಪತ್ರೆಗಳ ವರದಿ ಬರುವುದು ಅವರ ಪುಣ್ಯ, ನಮ್ಮ ಅದೃಷ್ಟ. ನನ್ನ ಕಾಲದಲ್ಲಿ ಒಂದು ನರ್ಸಿಂಗ್ ಹೋಂನವರು ತಿಂಗಳ ವರದಿ ಕೇಳಿದರೆ ‘ಮುಂದಿನ ವಾರ ಬನ್ನಿ’ ಎನ್ನುತ್ತಿದ್ದರು. ಅವರ ಮುಂದಿನ ವಾರ ಬರುವಷ್ಟರಲ್ಲಿ ಪೋರ್ಟಲ್ ಮುಚ್ಚಿರುತ್ತಿತ್ತು. ಆದ್ದರಿಂದ ಖಾಸಗಿ ಹೆರಿಗೆಗಳು ಒಂದು ವರ್ಷ ದಿಢೀರ್ ಏರಿದ್ದು ಕಂಡರೆ, ಹೆರಿಗೆ ಏರಿತೋ ವರದಿ ಏರಿತೋ ಎಂದು ಮೊದಲು ವಿಚಾರಿಸಿ. ಶೇಕಡಾವಾರಿನ ಛೇದವೂ ಕಾಯಿಲೆಯದ್ದೇ. ‘ನಿರೀಕ್ಷಿತ ಗರ್ಭಿಣಿಯರು’ ಎಂಬ ಗುರಿಯನ್ನು ಅಂದಾಜು ಜನಸಂಖ್ಯೆಗೆ ಜನನ ದರ ಹಾಕಿ, ನಷ್ಟವಾಗುವ ಗರ್ಭಗಳಿಗೆಂದು ಹತ್ತು ಶೇಕಡಾ ಸೇರಿಸಿ ಮೇಲಿನಿಂದ ಇಳಿಸುತ್ತಾರೆ. ಬುಡದಲ್ಲಿರುವುದು 2011ರ ಜನಗಣತಿ. 2021ರದ್ದು ನಡೆಯಲಿಲ್ಲ, ಮುಂದಿನದಕ್ಕೆ 2027 ಬರಬೇಕು. ಯುವಕರು ಬೆಂಗಳೂರು ಸೇರಿ ಖಾಲಿಯಾದ ನಾಡಿನಲ್ಲಿ ಅಷ್ಟು ಗರ್ಭಿಣಿಯರನ್ನು ನಾವು ಎಲ್ಲಿಂದ ತರಬೇಕಿತ್ತು? ಸಭೆಯಲ್ಲಿ ಗುರಿ ತಪ್ಪಿತೆಂದು ಬೈಸಿಕೊಂಡವರಲ್ಲಿ ನಾನೂ ಒಬ್ಬಳು. ನಮ್ಮ ಕೆಲಸ ಕಡಿಮೆಯಾದದ್ದಕ್ಕೆ ಬೈದರೋ, ಊರಿನ ಜನ ಕಡಿಮೆಯಾದದ್ದಕ್ಕೆ ಬೈದರೋ ಇವತ್ತಿಗೂ ತಿಳಿಯದು. ಎಚ್‌ಎಂಐಎಸ್‌ನ ಒಟ್ಟು ಸಂಖ್ಯೆಗಳಿಗೆ ಐದಕ್ಕೆ ನಾಲ್ಕು, ಅದರ ಶೇಕಡಾವಾರುಗಳಿಗೆ ಎರಡು. ಜನನ ತೂಕದ ಅಂಕಣವನ್ನು ಹುಷಾರಾಗಿ ನೋಡಿ. ಸರಿಯಾಗಿ ಎರಡೂವರೆ ಕಿಲೋ, ಸರಿಯಾಗಿ ಮೂರು ಕಿಲೋ ತೂಗುವ ಮಕ್ಕಳು ಪ್ರಕೃತಿಯಲ್ಲಿ ಅಷ್ಟೊಂದು ಹುಟ್ಟುವುದಿಲ್ಲ.

ಜನನ ನೋಂದಣಿಯದ್ದು ಬೇರೆಯದೇ ಕಥೆ. 1969ರ ಕಾಯ್ದೆ, 21 ದಿನಗಳ ಗಡುವು, ನಮ್ಮ ರಾಜ್ಯದಲ್ಲಿ ಇ-ಜನ್ಮ ತಂತ್ರಾಂಶ. ಸಾಮಾನ್ಯ ಜನರಿಗೆ ಗೊತ್ತಿರುವುದು ಜನನ ಪ್ರಮಾಣಪತ್ರ ಮಾತ್ರ. ಸಂಶೋಧಕರಿಗೆ ಬೇಕಾದದ್ದು ಒಂದನೆಯ ನಮೂನೆಯ ಎರಡನೆಯ ಅರ್ಧ. ಅಂಕಿ ಅಂಶಗಳಿಗೆಂದೇ ಇರುವ ಆ ಭಾಗದಲ್ಲಿ ತಾಯಿಯ ವಾಸಸ್ಥಳ, ವಿದ್ಯೆ, ಮದುವೆಯಾದಾಗಿನ ವಯಸ್ಸು, ಹೆತ್ತಾಗಿನ ವಯಸ್ಸು, ಎಷ್ಟನೆಯ ಮಗು, ಹೆರಿಗೆಯ ವಿಧಾನ, ತೂಕ, ಗರ್ಭದ ವಾರಗಳು ಎಲ್ಲವೂ ಇವೆ. ನಿರ್ಜೀವ ಜನನಕ್ಕೆ ಪ್ರತ್ಯೇಕವಾಗಿ ಮೂರನೆಯ ನಮೂನೆ. ಕಾಗದದ ಮೇಲೆ ಇದಕ್ಕಿಂತ ಶ್ರೀಮಂತ ಮೂಲ ದೇಶದಲ್ಲಿಲ್ಲ. ಪ್ರಕಟವಾಗುವ ವಾರ್ಷಿಕ ಕೋಷ್ಟಕಗಳಲ್ಲಿ ಮಾತ್ರ ಆ ಸಿರಿವಂತಿಕೆ ಕಾಣುವುದಿಲ್ಲ. ನೋಂದಣಿಯೂ ಘಟನೆ ನಡೆದ ಜಾಗದಲ್ಲೇ ಆಗುತ್ತದೆ, ಸುಳ್ಯದಲ್ಲಿ ಹುಟ್ಟಿದ ಸಂಪಾಜೆಯ ಮಗು ಸುಳ್ಯದ ಪುಸ್ತಕಕ್ಕೆ. ನಮೂನೆಯಲ್ಲಿ ತಾಯಿಯ ಊರು ಬರೆದಿರುವುದರಿಂದ ಮಗುವನ್ನು ಅಂಕಿಯಲ್ಲಾದರೂ ಮನೆಗೆ ಕರೆತರಲು ಸಾಧ್ಯವಿದೆ. ಆದರೆ ಅದಕ್ಕೆ ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯದ ಅನುಮತಿ, ವಿಶ್ವವಿದ್ಯಾಲಯದ ಪತ್ರ, ಸಾಕಷ್ಟು ತಾಳ್ಮೆ ಬೇಕು. ಪಿಎಚ್‌ಡಿಯವರಿಗೆ ಹೇಳಿಮಾಡಿಸಿದ್ದು, ಆರು ತಿಂಗಳ ಪ್ರಬಂಧದವರು ಕೈ ಹಾಕಬೇಡಿ.

ಮಾದರಿ ನೋಂದಣಿ ವ್ಯವಸ್ಥೆ, ಅಂದರೆ ಎಸ್‌ಆರ್‌ಎಸ್, ವಿಧಾನದ ದೃಷ್ಟಿಯಿಂದ ನನಗೆ ಬಹಳ ಗೌರವದ ಮೂಲ. ಊರಿನಲ್ಲೇ ಇರುವ ಅರೆಕಾಲಿಕ ಗಣತಿದಾರರು ಜನನ ಮರಣಗಳನ್ನು ಬರೆಯುತ್ತಾ ಹೋಗುತ್ತಾರೆ, ಆರು ತಿಂಗಳಿಗೊಮ್ಮೆ ಬೇರೊಬ್ಬರು ಬಂದು ಸ್ವತಂತ್ರವಾಗಿ ಕೇಳುತ್ತಾರೆ, ಎರಡೂ ಪಟ್ಟಿಗಳನ್ನು ಹೊಂದಿಸಿ ನೋಡಿ, ಹೊಂದದ್ದನ್ನು ಮತ್ತೆ ಹೋಗಿ ಪರಿಶೀಲಿಸುತ್ತಾರೆ. ಇಂಥ ಎರಡು ಪಟ್ಟಿಗಳಿಂದ ತಪ್ಪಿಹೋದವರನ್ನು ಅಂದಾಜಿಸುವ ಸೂತ್ರವನ್ನು ಚಂದ್ರಶೇಖರನ್ ಮತ್ತು ಡೆಮಿಂಗ್ 1949ರಲ್ಲಿ ಕೊಟ್ಟರು. ಅವರು ಬಳಸಿದ್ದು ಬಂಗಾಳದ ಸಿಂಗೂರಿನ ದಾಖಲೆಗಳನ್ನು. ಅದೇ ಚಂದ್ರಶೇಖರನ್ ಮುಂದೆ ಮೈಸೂರು ರಾಜ್ಯದ ಪ್ರಸಿದ್ಧ ಜನಸಂಖ್ಯಾ ಅಧ್ಯಯನದಲ್ಲೂ ಇದ್ದರು. ಆಗ ಕೊಡಗು ಇನ್ನೂ ಪ್ರತ್ಯೇಕ ರಾಜ್ಯವಾಗಿದ್ದರಿಂದ ನಾವು ಅದರಲ್ಲಿಲ್ಲ. ಎಸ್‌ಆರ್‌ಎಸ್‌ನಲ್ಲೂ ನಾವಿಲ್ಲ ಎಂದೇ ಹೇಳಬೇಕು, ಅದು ಜಿಲ್ಲೆಯ ಅಂಕಿ ಕೊಡುವುದಿಲ್ಲ. 2018-20ರಲ್ಲಿ ಲಕ್ಷ ಜೀವಂತ ಜನನಗಳಿಗೆ ತಾಯಂದಿರ ಮರಣ ಕರ್ನಾಟಕದಲ್ಲಿ 69, ದೇಶದಲ್ಲಿ 97. ರಾಜ್ಯದ ಆ 69ನ್ನು ಕೊಡಗಿಗೆ ಹೊಂದಿಸಿ ಬರೆಯುವುದು ರಾಜ್ಯದ ಸರಾಸರಿ ಮಳೆ ನೋಡಿ ಭಾಗಮಂಡಲಕ್ಕೆ ಛತ್ರಿ ಕೊಂಡಂತೆ. ರಾಜ್ಯದ 2020ರ ಜನನ ದರ ಸಾವಿರಕ್ಕೆ 16.5. ಅದನ್ನೇ ನಮಗೆ ಹಾಕಿದರೂ ವರ್ಷಕ್ಕೆ ಒಂಬತ್ತು ಸಾವಿರ ಚಿಲ್ಲರೆ ಹೆರಿಗೆ, ಆರು ಸಾವು. ಒಂದು ಸಾವು ಹೆಚ್ಚಾದರೆ ಪ್ರಮಾಣ 11ರಷ್ಟು ಜಿಗಿಯುತ್ತದೆ. ಇಂಥ ಜಿಲ್ಲೆಯಲ್ಲಿ ದರಕ್ಕೆ ತಲೆ ಕೆಡಿಸಿಕೊಳ್ಳದೆ ಪ್ರತಿ ಸಾವಿನ ಪರಿಶೀಲನಾ ವರದಿಯನ್ನು ಓದಬೇಕು. ಅದು ಗೌಪ್ಯ, ಹಾಗಿರುವುದೇ ಸರಿ.

ತಾಯಿ ಕಾರ್ಡಿನ ಹಿಂದಿರುವ ಆರ್‌ಸಿಎಚ್, ಅಂದರೆ ತಾಯಿ ಮಕ್ಕಳ ಆರೋಗ್ಯದ ರಿಜಿಸ್ಟರಿಗೆ ನಾನು ಐದಕ್ಕೆ ಐದು ಕೊಡುತ್ತಿದ್ದೆ, ಬೀಗ ಹಾಕಿರದಿದ್ದರೆ. ಪಕ್ಷಪಾತ ಎನ್ನಿ, ಪರವಾಗಿಲ್ಲ. ಉಳಿದೆಲ್ಲ ಮೂಲಗಳು ಹೆರಿಗೆಯನ್ನು ಎಣಿಸುತ್ತವೆ, ಇದು ಹೆಂಗಸನ್ನು ಹಿಂಬಾಲಿಸುತ್ತದೆ. ಕೊನೆಯ ಮುಟ್ಟಿನ ದಿನಾಂಕದಿಂದ ಶುರುವಾಗಿ, ರಕ್ತದ ಹಿಮೋಗ್ಲೋಬಿನ್, ಬಿಪಿ, ಚುಚ್ಚುಮದ್ದು, ಹೆರಿಗೆ ಎಲ್ಲಿ ಹೇಗೆ ಆಯಿತು, 42 ದಿನಗಳವರೆಗಿನ ಬಾಣಂತನ, ಮಗುವಿನ ಲಸಿಕೆ ಎಲ್ಲವೂ ಒಂದೇ ಗುರುತಿನ ಸಂಖ್ಯೆಯಡಿ. ಮೈಸೂರಿನಲ್ಲಿ ಹೆತ್ತು ಬಂದರೂ ನಮ್ಮ ಆಶಾ ಕಾರ್ಯಕರ್ತೆ ಬಾಣಂತಿಯ ಮನೆಗೆ ಹೋಗಿ ವಿವರ ತಂದು ಬರೆಸುತ್ತಿದ್ದಳು. ಆದ್ದರಿಂದ ಲೈನ್ ಮನೆಗಳ, ಜೇನುಕುರುಬ, ಯರವ ಹಾಡಿಗಳ ಹೆರಿಗೆ ಬಗ್ಗೆ ನಿಜ ಬೇಕಾದವರು ಇಲ್ಲಿಗೇ ಬರಬೇಕು. ಸಾರ್ವಜನಿಕ ಪೋರ್ಟಲಿನಲ್ಲಿ ಒಟ್ಟು ಸಂಖ್ಯೆಗಳಷ್ಟೇ ಸಿಗುತ್ತವೆ. ಹೆಸರಿಲ್ಲದ ಸಾಲುಗಳು ಬೇಕೆಂದರೂ ಕಾಲೇಜಿನ ನೈತಿಕ ಸಮಿತಿಯ ಒಪ್ಪಿಗೆ, ಜಿಲ್ಲಾ ಆರೋಗ್ಯಾಧಿಕಾರಿಗಳ ಅನುಮತಿ ಬೇಕು. ಅನುಮತಿ ಸಿಕ್ಕರೆ ಕಂಪ್ಯೂಟರಿನಲ್ಲಿರುವುದನ್ನು ಮಾತ್ರ ತೆಗೆದುಕೊಂಡು ಹೋಗಬೇಡಿ. ಉಪಕೇಂದ್ರದಲ್ಲಿ ಕೂತು ಕಾಗದದ ಪುಸ್ತಕದ ಅಂಚುಗಳನ್ನು ಓದಿ. ‘ತೋಟ ಬಿಟ್ಟರು’, ‘ಊರಿಗೆ ಹೋದರು’, ‘ಗಂಡನ ಜೊತೆ ಕೇರಳ’ ಎಂದು ಪೆನ್ಸಿಲಿನಲ್ಲಿ ಬರೆದದ್ದು ತಂತ್ರಾಂಶದಲ್ಲಿ ಎಲ್ಲೂ ಸಿಗುವುದಿಲ್ಲ. ನಾಪತ್ತೆಯಾದವರ ಅಧ್ಯಯನ ಮಾಡುವವರಿಗೆ ಅದೇ ಚಿನ್ನ.

ಯಾರೂ ಮುಟ್ಟದ ಇನ್ನೊಂದು ಮೂಲವಿದೆ. 1961ರ ಹೆರಿಗೆ ಸೌಲಭ್ಯ ಕಾಯ್ದೆಯಡಿ ದೊಡ್ಡ ತೋಟಗಳು ಇಟ್ಟ ಹಳೆಯ ರಿಜಿಸ್ಟರುಗಳು. ಸಂಬಳ ಕೊಡುವ ಲೆಕ್ಕವಾದ್ದರಿಂದ ದಿನಾಂಕಗಳು ಕರಾರುವಾಕ್ಕು, ತೋಟದ ಲೆಕ್ಕ ಬರೆಯುವ ರೈಟರ್ ಒಂದು ದಿನದ ಕೂಲಿಯನ್ನೂ ಸುಮ್ಮನೆ ಬಿಡುವವನಲ್ಲ. ಆದರೆ ಹಿಂದಿನ 12 ತಿಂಗಳಲ್ಲಿ ಮೊದಲು 160 ದಿನ, 1988ರ ತಿದ್ದುಪಡಿಯ ನಂತರ 80 ದಿನ ಕೆಲಸ ಮಾಡಿದವರಿಗಷ್ಟೇ ಸೌಲಭ್ಯ ಇದ್ದದ್ದರಿಂದ ಹಂಗಾಮಿ ಕೊಯ್ಲಿನವರು ಇಲ್ಲೂ ಇಲ್ಲ. ಕೇಳಿದ ಕೂಡಲೇ ಎಲ್ಲ ಮಾಲೀಕರೂ ತೆಗೆದುಕೊಡುವುದಿಲ್ಲ. ಗೆದ್ದಲು ತಿಂದಿದೆ ಎನ್ನುತ್ತಾರೆ, ಕೆಲವು ಕಡೆ ಅದು ನಿಜವೂ ಹೌದು.

ಕೊನೆಗೆ ಒಂದು ಸಣ್ಣ ತಾಂತ್ರಿಕ ವಿಷಯ, ಏಕೆಂದರೆ ಬಂದವರೆಲ್ಲ ಇದರಲ್ಲೇ ಎಡವುತ್ತಾರೆ. 2011ರ ಜನಗಣತಿಯಲ್ಲಿ ಕೊಡಗಿಗೆ ಮೂರೇ ತಾಲ್ಲೂಕು: ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ. ಈಗ ಪೊನ್ನಂಪೇಟೆ, ಕುಶಾಲನಗರ ಸೇರಿ ಐದು. ಹಳೆಯ ಜನಸಂಖ್ಯೆಯನ್ನು ಛೇದವಾಗಿ ಬಳಸುವುದಾದರೆ ಪೊನ್ನಂಪೇಟೆಯ ಹೆರಿಗೆಗಳನ್ನು ವಿರಾಜಪೇಟೆಗೂ ಕುಶಾಲನಗರದವನ್ನು ಸೋಮವಾರಪೇಟೆಗೂ ಮರಳಿ ಕೂಡಿಸಿ. ಹಾಗೆ ಮಾಡದೆ, ‘ಸೋಮವಾರಪೇಟೆಯಲ್ಲಿ ಜನನ ದರ ಅರ್ಧಕ್ಕೆ ಕುಸಿತ’ ಎಂಬ ಅಧ್ಯಾಯ ಹಿಡಿದುಕೊಂಡು ನನ್ನ ಜಗಲಿಗೆ ಬಂದರೆ ಕಾಫಿ ಕೊಡುತ್ತೇನೆ, ಅಧ್ಯಾಯವನ್ನು ಮಾತ್ರ ಓದುವುದಿಲ್ಲ.